ಹೋಸ್ ಕ್ಲಿಪ್ಪಿನ ಬಾಲ: ಕತ್ತರಿಸಬೇಕೆ, ಮಡಚಬೇಕೆ, ಮುಚ್ಚಬೇಕೆ? ಒಂದು ಸಮಗ್ರ ಮಾರ್ಗದರ್ಶಿ

ಪಂಪ್‌ಸೆಟ್ಟಿನ ಸಕ್ಷನ್ ಪೈಪು, ಕಾರಿನ ರೇಡಿಯೇಟರ್ ಹೋಸು, ವಾಷಿಂಗ್ ಮೆಷಿನ್ನಿನ ಡ್ರೈನ್ ಪೈಪು, ತೋಟದ ಡ್ರಿಪ್ ಫಿಲ್ಟರು. ಮೆತ್ತನೆಯ ಪೈಪು ಗಟ್ಟಿ ಮೂತಿಗೆ ಸೇರುವ ಕಡೆಯಲ್ಲೆಲ್ಲ ಸ್ಕ್ರೂ ತಿರುಗಿಸಿ ಬಿಗಿಯುವ ಉಕ್ಕಿನ ಪಟ್ಟಿಯೊಂದು ಇದ್ದೇ ಇರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಹೋಸ್ ಕ್ಲಿಪ್ ಅಂದರೂ ಕೊಡುತ್ತಾರೆ, ಹೋಸ್ ಕ್ಲಾಂಪ್ ಅಂದರೂ ಕೊಡುತ್ತಾರೆ. ಕೆಲವು ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಇಂದಿಗೂ ಅದು ಜುಬಿಲಿ ಕ್ಲಿಪ್. ಬ್ರಿಟಿಷ್ ನೌಕಾಪಡೆಯಲ್ಲಿದ್ದ ಲಮ್ಲಿ ರಾಬಿನ್ಸನ್ 1921ರಲ್ಲಿ ಪೇಟೆಂಟ್ ಪಡೆದು ಮಾರಾಟಕ್ಕಿಟ್ಟ ಕ್ಲಿಪ್ಪಿನ ಹೆಸರದು. ನೂರು ವರ್ಷ ಕಳೆದರೂ ವಿನ್ಯಾಸ ಹೆಚ್ಚೇನೂ ಬದಲಾಗಿಲ್ಲ, ಅದರ ಜೊತೆಗೆ ಬರುವ ತೊಂದರೆಯೂ ಬದಲಾಗಿಲ್ಲ.

ತೊಂದರೆ ಇಷ್ಟೇ. ಸ್ಕ್ರೂ ಬಿಗಿಯುತ್ತಾ ಹೋದಂತೆ ಪಟ್ಟಿಯ ಮಿಕ್ಕ ತುದಿ ಸ್ಕ್ರೂವಿನ ಗೂಡಿನಿಂದ ಆಚೆಗೆ ಚಾಚಿಕೊಳ್ಳುತ್ತದೆ. ಪೈಪಿನ ಗುಂಡಗಿನ ಮೈಗೆ ಅಂಟಿಕೊಳ್ಳದೆ ಬಾಲದಂತೆ ಎದ್ದು ನಿಲ್ಲುತ್ತದೆ. ಮುಕ್ಕಾಲು ಮಿಲಿಮೀಟರ್ ದಪ್ಪದ ಆ ತಗಡು ಬೆರಳಿಗೆ ತಗುಲಿದರೆ ಬ್ಲೇಡು ಎಳೆದ ಹಾಗೆಯೇ. ಕತ್ತಲಲ್ಲಿ ಮೋಟಾರ್ ಮನೆಗೆ ಹೋದವರ ಲುಂಗಿ ಸಿಕ್ಕಿಕೊಳ್ಳುವುದು ಅದಕ್ಕೇ. ಎಂಜಿನ್ ಅದುರುವಾಗ ಪಕ್ಕದ ವೈರಿನ ಹೊದಿಕೆಯನ್ನು ದಿನವೂ ಒಂದಿಷ್ಟು ಸವೆಸುವುದೂ ಅದೇ.

ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಕಟಿಂಗ್ ಪ್ಲೈಯರ್ ತೆಗೆದು ಬಾಲವನ್ನು ಗೂಡಿನ ಬುಡಕ್ಕೇ ಕಚಕ್ಕನೆ ಕತ್ತರಿಸುವುದು. ನನ್ನ ಪ್ರಕಾರ ಅದು ಎರಡು ಕಾರಣಕ್ಕೆ ಕೆಟ್ಟ ಪರಿಹಾರ. ಕತ್ತರಿಸಿದ ತುದಿ ಮೊದಲಿಗಿಂತ ಹರಿತವಾಗುತ್ತದೆ. ಮುಂದಿನ ಸಲ ಕ್ಲಿಪ್ ಸಡಿಲಿಸಿದಾಗ ಪಟ್ಟಿ ಗೂಡಿನಿಂದ ಕಳಚಿ ಕೈಗೆ ಬರುತ್ತದೆ. ಬಾಲದ ಸಮಸ್ಯೆಯ ಮುಕ್ಕಾಲು ಪಾಲು ಅಂಗಡಿಯಲ್ಲೇ ತೀರಬೇಕು, ಉಳಿದ ಕಾಲು ಭಾಗಕ್ಕೆ ಮಾತ್ರ ಪ್ಲೈಯರ್ರು, ಕತ್ತರಿ, ಟ್ಯೂಬು. ಹಾಗಾಗಿ ಅಂಗಡಿಯಿಂದಲೇ ಶುರು ಮಾಡೋಣ.

## ಹೆಜ್ಜೆ 1: ಪೈಪಿನ ಹೊರಸುತ್ತು ಅಳೆದು ಕ್ಲಿಪ್ ಕೊಳ್ಳಿ

"ಅಣ್ಣಾ, ಒಂದೂವರೆ ಇಂಚಿನ ಕ್ಲಿಪ್ ಕೊಡಿ" ಎಂದರೆ ಅಂಗಡಿಯವರು ಒಂದೂವರೆ ಇಂಚಿನ ಪೈಪಿಗೆ ಖಂಡಿತ ಕೂರುವಂಥದ್ದನ್ನು ಕೊಡುತ್ತಾರೆ. ಸಣ್ಣದಾಗಿ ವಾಪಸ್ ಬರುವುದಕ್ಕಿಂತ ದೊಡ್ಡದಿರಲಿ ಎಂಬುದು ಅವರ ಲೆಕ್ಕ. ಆದರೆ ಇಂಚಿನಲ್ಲಿ ಹೇಳುವುದು ಪೈಪಿನ ಒಳ ಅಳತೆ. ಕ್ಲಿಪ್ ಕೂರುವುದು ಹೊರಮೈ ಮೇಲೆ. ಒಂದೇ ಒಂದೂವರೆ ಇಂಚಿನ ಪೈಪು ತೆಳುವಾದ ಪಿವಿಸಿಯದ್ದಾದರೆ ಒಂದು ಅಳತೆ, ಎಳೆ ಹಾಕಿದ ದಪ್ಪ ರಬ್ಬರಿನದ್ದಾದರೆ ಇನ್ನೊಂದು.

ಪೈಪನ್ನು ಅದು ಕೂರಬೇಕಾದ ಮೂತಿಗೆ ಪೂರ್ತಿ ತೂರಿಸಿದ ಮೇಲೆ ಅಳೆಯಿರಿ, ಏಕೆಂದರೆ ಮೂತಿಯ ಮೇಲೆ ಪೈಪು ತುಸು ಹಿಗ್ಗಿರುತ್ತದೆ. ವರ್ನಿಯರ್ ಇಲ್ಲದಿದ್ದರೆ ದಾರ ಸಾಕು. ದಾರವನ್ನು ಒಂದು ಸುತ್ತು ಸುತ್ತಿ, ಸೇರಿದ ಕಡೆ ಗುರುತು ಹಾಕಿ, ಬಿಚ್ಚಿ ಸ್ಕೇಲಿನ ಮೇಲೆ ಅಳೆದು, ಬಂದದ್ದನ್ನು 3.14ರಿಂದ ಭಾಗಿಸಿ. ದಾರ 144 ಮಿ.ಮೀ. ಬಂದರೆ ಹೊರವ್ಯಾಸ ಸುಮಾರು 46 ಮಿ.ಮೀ.

ಈಗ ಕ್ಲಿಪ್ಪಿನ ಪಟ್ಟಿಯ ಮೇಲೆ ಒತ್ತಿರುವ ಅಂಕಿ ನೋಡಿ. 20-32, 25-40, 32-50, 40-60, 50-70 ಹೀಗೆ ಜೋಡಿ ಸಂಖ್ಯೆಗಳಿರುತ್ತವೆ. ಡಿಐಎನ್ 3017 ಎಂಬ ಜರ್ಮನ್ ಮಾನಕವನ್ನು ಅನುಸರಿಸಿ ಮಾಡಿದ ಕ್ಲಿಪ್‌ಗಳಲ್ಲಿ ಇವು ಸಾಮಾನ್ಯ ಅಳತೆಗಳು. ಮೊದಲನೆಯದು ಕ್ಲಿಪ್ ಪೂರ್ತಿ ಮುಚ್ಚಿದಾಗಿನ ವ್ಯಾಸ, ಎರಡನೆಯದು ಪೂರ್ತಿ ತೆರೆದಾಗಿನದು.

46 ಮಿ.ಮೀ. ಪೈಪಿಗೆ 32-50 ಕೂಡ ಕೂರುತ್ತದೆ, 40-60 ಕೂಡ ಕೂರುತ್ತದೆ. ವ್ಯತ್ಯಾಸ ಇರುವುದು ಬಾಲದಲ್ಲಿ. ವ್ಯಾಸ ಒಂದು ಮಿ.ಮೀ. ಕಡಿಮೆಯಾದಾಗಲೆಲ್ಲ ಪಟ್ಟಿ 3.14 ಮಿ.ಮೀ. ಹೊರಗೆ ಬರುತ್ತದೆ. 32-50 ಕ್ಲಿಪ್ಪಿನಲ್ಲಿ ನಾಲ್ಕು ಮಿ.ಮೀ. ಬಿಗಿದರೆ ಸಾಕು, ಬಾಲ ಸುಮಾರು 12.5 ಮಿ.ಮೀ. ಅದೇ 40-60ರಲ್ಲಿ ಹದಿನಾಲ್ಕು ಮಿ.ಮೀ. ಬಿಗಿಯಬೇಕು, ಬಾಲ 44 ಮಿ.ಮೀ. ಒಂದು ನಿಮಿಷದ ಈ ಲೆಕ್ಕದಿಂದ ಮುಂದಿನ ಅರ್ಧ ಗಂಟೆಯ ಕತ್ತರಿ ಕೆಲಸ ತಪ್ಪುತ್ತದೆ. ಪೈಪಿನ ಹೊರವ್ಯಾಸ ಕ್ಲಿಪ್ಪಿನ ದೊಡ್ಡ ಅಂಕಿಗೆ ನಾಲ್ಕೈದು ಮಿ.ಮೀ. ಒಳಗೆ ಬರುವಂತೆ ಆರಿಸಿಕೊಳ್ಳಿ. ತೀರಾ ಅಂಚಿಗೆ ಹೋಗಬೇಡಿ. ಸ್ಕ್ರೂವಿನ ಹಲ್ಲಿಗೆ ಎರಡೇ ಗಾಡಿ, ಅಂದರೆ ಪಟ್ಟಿಯ ಮೇಲಿನ ಅಡ್ಡ ಗೀರು, ಸಿಕ್ಕರೆ ಹಿಡಿತ ಸಾಲದು.

ಕೊಳ್ಳುವಾಗಲೇ ಇನ್ನೆರಡು ವಿಷಯ ಗಮನಿಸಿ. ಒಂದು, ಪಟ್ಟಿಯ ಅಂಚು. ಬೆರಳಿನಿಂದ ಮೆಲ್ಲಗೆ ಸವರಿದರೆ ಗೊತ್ತಾಗುತ್ತದೆ: ಒಳ್ಳೆಯ ಕ್ಲಿಪ್ಪಿನ ಅಂಚು ಹೊರಮುಖಕ್ಕೆ ತುಸು ಬಾಗಿ ನುಣುಪಾಗಿರುತ್ತದೆ, ಅಗ್ಗದ್ದು ತಗಡು ಕತ್ತರಿಸಿದ ಹಾಗೆಯೇ ಇರುತ್ತದೆ. ಎರಡು, ಪಟ್ಟಿಯಲ್ಲಿ ಆರಪಾರ ತೂತುಗಳಿವೆಯೋ ಅಥವಾ ಒತ್ತಿದ ಗೀರುಗಳಷ್ಟೇ ಇವೆಯೋ. ಆರಪಾರ ತೂತಿದ್ದರೆ ಬಿಗಿದಾಗ ರಬ್ಬರು ಅದರೊಳಗೆ ಉಬ್ಬಿ ಕಚ್ಚಿಹೋಗುತ್ತದೆ. ಒತ್ತಿದ ಗೀರಿನದ್ದು ಪೈಪಿಗೂ ಒಳ್ಳೆಯದು, ಮುಂದೆ ಬಾಲ ಕತ್ತರಿಸುವಾಗಲೂ ಒಳ್ಳೆಯದು.

ಲೋಹದ ವಿಚಾರವೂ ಇದೆ. ಡಬ್ಲ್ಯೂ1 ಎಂದು ಗುರುತಿದ್ದರೆ ಪೂರ್ತಿ ಸತು ಲೇಪಿಸಿದ ಉಕ್ಕು. ಡಬ್ಲ್ಯೂ2 ಎಂದಿದ್ದರೆ ಪಟ್ಟಿ ಸ್ಟೇನ್‌ಲೆಸ್, ಸ್ಕ್ರೂ ಸತು ಲೇಪಿಸಿದ್ದು. ಡಬ್ಲ್ಯೂ4ರಲ್ಲಿ ಎಲ್ಲವೂ ಸ್ಟೇನ್‌ಲೆಸ್. ಬಾವಿಯ ಬಳಿ, ಕರಾವಳಿಯ ಉಪ್ಪುಗಾಳಿಯಲ್ಲಿ ಡಬ್ಲ್ಯೂ2ರ ಪಟ್ಟಿ ಹೊಳೆಯುತ್ತಲೇ ಇರುತ್ತದೆ, ಸ್ಕ್ರೂ ಮಾತ್ರ ತುಕ್ಕು ಹಿಡಿದು ತಿರುಗುವುದಿಲ್ಲ. ಅಂಥ ಕಡೆ ನಾಲ್ಕು ಕಾಸು ಹೆಚ್ಚಾದರೂ ಡಬ್ಲ್ಯೂ4 ತರುವುದೇ ಲೇಸು.

## ಹೆಜ್ಜೆ 2: ಬಿಗಿಯುವ ಮೊದಲೇ ಬಾಲ ಯಾವ ಕಡೆಗೆ ಎಂದು ತೀರ್ಮಾನಿಸಿ

ಕ್ಲಿಪ್ಪನ್ನು ಪೈಪಿನ ಸುತ್ತ ಎತ್ತ ಬೇಕಾದರೂ ತಿರುಗಿಸಬಹುದು, ಮಗುಚಿಯೂ ಹಾಕಬಹುದು. ಮಗುಚಿದರೆ ಬಾಲದ ದಿಕ್ಕೂ ಸ್ಕ್ರೂ ತಲೆಯ ದಿಕ್ಕೂ ಒಟ್ಟಿಗೆ ಬದಲಾಗುತ್ತವೆ. ಗೋಡೆ ಪಕ್ಕದ ಪೈಪಾದರೆ ಬಾಲ ಗೋಡೆಯ ಕಡೆಗಿರಲಿ. ಕಾರಿನಲ್ಲಾದರೆ ಫ್ಯಾನು, ಬೆಲ್ಟು, ವೈರಿನ ಕಟ್ಟುಗಳಿಗೆ ಬೆನ್ನು ಮಾಡಿರಲಿ. ವಾಲ್ವ್ ತಿರುಗಿಸಲು, ಫಿಲ್ಟರ್ ತೊಳೆಯಲು ದಿನವೂ ಕೈ ಹೋಗುವ ಕಡೆಗಂತೂ ಬೇಡವೇ ಬೇಡ. ಜೊತೆಗೆ ಸ್ಕ್ರೂ ತಲೆಗೆ ಸ್ಪ್ಯಾನರ್ ಎಟುಕುವಂತೆಯೂ ಇರಬೇಕು. ಎರಡೂ ಒಟ್ಟಿಗೆ ಸಾಧ್ಯವಾಗದಿದ್ದರೆ ಸ್ಪ್ಯಾನರ್ ಎಟುಕುವುದಕ್ಕೇ ಮೊದಲ ಮಣೆ. ಬಾಲಕ್ಕೆ ಬೇರೆ ದಾರಿಗಳಿವೆ, ಎಟುಕದ ಸ್ಕ್ರೂವಿಗೆ ಇಲ್ಲ.

ಎರಡು ಕ್ಲಿಪ್ ಹಾಕುವ ಜಾಗದಲ್ಲಿ, ಅಂದರೆ ಎರಡು ಇಂಚಿನ ಸಕ್ಷನ್ ಪೈಪಿನಂಥ ಕಡೆ, ಎರಡರ ಗೂಡುಗಳನ್ನೂ ಎದುರುಬದುರಾಗಿ ಕೂರಿಸಿ. ಗೂಡಿನ ಕೆಳಗೆ ಪಟ್ಟಿಯ ಒತ್ತು ಸ್ವಲ್ಪ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಇನ್ನೊಂದು ಸಣ್ಣ ಕೆಲಸ ಇಲ್ಲಿಯೇ ಮುಗಿಸಿಬಿಡಿ. ಕ್ಲಿಪ್ ಇನ್ನೂ ಕೈಯಲ್ಲಿರುವಾಗ ಪಟ್ಟಿಯ ತುದಿಯ ಎರಡು ಇಂಚನ್ನು ಸ್ಕ್ರೂಡ್ರೈವರಿನ ಹಿಡಿಯ ಮೇಲೆ ಹೆಬ್ಬೆರಳಿನಿಂದ ಒತ್ತಿ, ಪೈಪಿನ ಬಾಗಿಗಿಂತ ಸ್ವಲ್ಪ ಹೆಚ್ಚೇ ಒಳಕ್ಕೆ ಬಾಗಿಸಿ. ಸ್ಟೇನ್‌ಲೆಸ್ ಪಟ್ಟಿ ಸ್ಪ್ರಿಂಗಿನ ಹಾಗೆ ಹಿಂದಕ್ಕೆ ಬರುತ್ತದೆ, ಆದ್ದರಿಂದ ಬೇಕಿರುವುದಕ್ಕಿಂತ ಹೆಚ್ಚು ಬಾಗಿಸಿದರೆ ಬೇಕಾದಷ್ಟು ಉಳಿಯುತ್ತದೆ. ಹೀಗೆ ಮಾಡಿದ ಬಾಲ ಗೂಡಿನಿಂದ ಹೊರಬರುವಾಗಲೇ ಪಟ್ಟಿಯ ಮೈಗೆ ಒರಗಿಕೊಂಡು ಬರುತ್ತದೆ. ಎಷ್ಟೋ ಸಲ ಇದರಾಚೆಗೆ ಏನೂ ಬೇಕಾಗುವುದಿಲ್ಲ.

## ಹೆಜ್ಜೆ 3: ಸರಿಯಾಗಿ ಬಿಗಿಯಿರಿ, ಆಮೇಲೆ ಕಾಯಿರಿ

ಮೋಟಾರಿನ ಕೆಲಸವಾದರೆ ಸ್ಟಾರ್ಟರ್ ಒತ್ತಿ ನಿಲ್ಲಿಸಿದರೆ ಸಾಲದು, ಮೇನ್ ಸ್ವಿಚ್ ಇಳಿಸಿ. ಆಟೋ ಸ್ಟಾರ್ಟರ್ ಇದ್ದಲ್ಲಿ ಕರೆಂಟು ಬಂದ ಕೂಡಲೇ ಮೋಟಾರು ತಾನಾಗಿ ಓಡುತ್ತದೆ, ನಿಮ್ಮ ಕೈ ಎಲ್ಲಿದೆ ಎಂದು ಅದಕ್ಕೆ ಗೊತ್ತಿಲ್ಲ. ಕಾರಾದರೆ ಎಂಜಿನ್ ಪೂರ್ತಿ ತಣಿಯುವ ತನಕ ರೇಡಿಯೇಟರಿನ ಹೋಸಿಗೆ ಕೈ ಹಾಕಬೇಡಿ. ಒತ್ತಡದಲ್ಲಿರುವ ಕೂಲೆಂಟ್ ಕುದಿನೀರಿಗಿಂತ ಬಿಸಿಯಾಗಿರಬಹುದು.

ಪೈಪಿನ ತುದಿಯಿಂದ ಐದಾರು ಮಿ.ಮೀ. ಒಳಗೆ, ಮೂತಿಯಲ್ಲಿ ಉಬ್ಬಿದ ಅಂಚಿದ್ದರೆ ಅದರಾಚೆಗೆ ಕ್ಲಿಪ್ ಬರಬೇಕು. ಉಬ್ಬಿನ ಮೇಲೆಯೇ ಕೂತರೆ ಬಿಗಿದಂತೆ ಜಾರುತ್ತದೆ. ಬಿಗಿಯಲು ಚಪ್ಪಟೆ ಸ್ಕ್ರೂಡ್ರೈವರ್ ಬೇಡ. ತಲೆಯಲ್ಲಿ ಆರು ಮೂಲೆ ಇದ್ದೇ ಇರುತ್ತದೆ, ಅದಕ್ಕೆ 7 ಮಿ.ಮೀ. ಬಾಕ್ಸ್ ಸ್ಪ್ಯಾನರ್ ಸಾಮಾನ್ಯವಾಗಿ ಹಿಡಿಯುತ್ತದೆ, ಕೆಲವಕ್ಕೆ 8 ಬೇಕಾಗುತ್ತದೆ. ಸ್ಕ್ರೂಡ್ರೈವರ್ ಸ್ಕ್ರೂ ತಲೆಯ ಗಾಡಿಯಿಂದ ಜಾರಿದಾಗ ಅದರ ಮೊನೆ ಹೋಗಿ ಚುಚ್ಚುವುದು ಪೈಪಿಗೆ, ಇಲ್ಲವೇ ಪೈಪು ಹಿಡಿದ ಎಡಗೈಗೆ.

ಎಷ್ಟು ಬಿಗಿಯಬೇಕು? 9 ಮಿ.ಮೀ. ಅಗಲದ ಪಟ್ಟಿಗೆ ಸುಮಾರು 3 ನ್ಯೂಟನ್-ಮೀಟರ್, 12 ಮಿ.ಮೀ. ಪಟ್ಟಿಗೆ ಸುಮಾರು 5. ತಯಾರಕರು ಬೇರೆ ಹೇಳಿದ್ದರೆ ಅದೇ ಸರಿ. ಈ ಬಿಗಿತ ಅಳೆಯುವ ಟಾರ್ಕ್ ರೆಂಚು ಯಾರ ಮನೆಯಲ್ಲಿದೆ ಅನ್ನುತ್ತೀರಾ? ಆಗ ಕಣ್ಣೇ ಅಳತೆಗೋಲು. ಪಟ್ಟಿಯ ಎರಡೂ ಬದಿಯಲ್ಲಿ ರಬ್ಬರು ಸಣ್ಣಗೆ ಉಬ್ಬಿ ನಿಂತರೆ ಸಾಕು. ಗಾಡಿಗಳ ಒಳಗಿಂದ ರಬ್ಬರು ಮೇಲಕ್ಕೆ ಬರತೊಡಗಿದರೆ ಅತಿಯಾಗಿದೆ. ಗೂಡು ಒಂದು ಮಗ್ಗುಲಿಗೆ ವಾಲಿದರೆ ಪಟ್ಟಿಯ ಗಾಡಿ ಕಿತ್ತುಹೋಗುವ ಹಂತದಲ್ಲಿದೆ ಎಂದು ಅರ್ಥ.

ಇನ್ನು ಕಾಯುವ ಮಾತು. ರಬ್ಬರೂ ಪಿವಿಸಿಯೂ ಒತ್ತಡದಲ್ಲಿ ನಿಧಾನವಾಗಿ ಕುಗ್ಗುತ್ತವೆ. ಇಂದು ಬಿಗಿಯಾಗಿದ್ದ ಕ್ಲಿಪ್ ನಾಲ್ಕು ದಿನ ಮೋಟಾರ್ ಓಡಿದ ಮೇಲೆ ಅರ್ಧ ಸುತ್ತು ತೆಗೆದುಕೊಳ್ಳುತ್ತದೆ. ಎಂಜಿನ್ ಒಂದೆರಡು ಸಲ ಕಾದು ತಣಿದ ಮೇಲೂ ಹಾಗೆಯೇ. ಹಾಗೆ ಮತ್ತೆ ಬಿಗಿದಾಗ ಬಾಲ ಇನ್ನಷ್ಟು ಹೊರಬರುತ್ತದೆ. ಮೊದಲ ದಿನವೇ ಕತ್ತರಿಸಿ, ಅರ ಉಜ್ಜಿ, ಟೋಪಿ ತೊಡಿಸಿ ಮುಗಿಸಿದವರು ಎರಡನೇ ಸಲ ಅದೇ ಕೆಲಸ ಮಾಡುತ್ತಾರೆ. ಎರಡನೇ ಸಲ ಬಿಗಿಯುವವರೆಗೆ ಬಾಲದ ತುದಿಗೆ ಎರಡು ಸುತ್ತು ಇನ್ಸುಲೇಷನ್ ಟೇಪು ಹಾಕಿಡಿ, ಸಾಕು.

ಸಕ್ಷನ್ ಕಡೆಯ ಕ್ಲಿಪ್ಪಿಗೆ ವಿಶೇಷ ಗಮನ ಕೊಡಿ. ಅಲ್ಲಿ ಸಡಿಲವಾದರೆ ನೀರು ಹನಿಯುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಪಂಪು ಗೊರಗೊರ ಎಂದು ನೀರೆತ್ತುವುದನ್ನೇ ಬಿಟ್ಟುಬಿಡುತ್ತದೆ. ಜನ ಪೈಪಿನ ಬುಡದ ಫುಟ್ ವಾಲ್ವ್ ಹೋಗಿದೆ ಎಂದು ಬಾವಿಯಿಂದ ಪೈಪನ್ನೆಲ್ಲ ಎಳೆಯುತ್ತಾರೆ. ಅದಕ್ಕೂ ಮುಂಚೆ ಈ ಕ್ಲಿಪ್ಪಿಗೆ ಒಂದು ಸ್ಪ್ಯಾನರ್ ಹಾಕಿ ನೋಡಿ.

## ಹೆಜ್ಜೆ 4: ಕತ್ತರಿಸದೆ ಕೂರಿಸುವ ದಾರಿಗಳು

ಬಾಲ 15 ರಿಂದ 20 ಮಿ.ಮೀ. ಒಳಗಿದ್ದರೆ ಕತ್ತರಿ ಮುಟ್ಟಲೇಬೇಡಿ. ಮುಚ್ಚಿ ಅಥವಾ ಕಟ್ಟಿ.

ಟ್ಯೂಬಿನ ಬಳೆ. ನನಗೆ ಎಲ್ಲಕ್ಕಿಂತ ಮೆಚ್ಚಿನದು ಇದು, ಖರ್ಚೂ ಇಲ್ಲ. ಹಳೆಯ ಸೈಕಲ್ಲು ಅಥವಾ ಬೈಕಿನ ಟ್ಯೂಬಿನಿಂದ ಕ್ಲಿಪ್ಪಿನ ಅಗಲಕ್ಕಿಂತ ತುಸು ಹೆಚ್ಚಿನ ಬಳೆಯೊಂದನ್ನು ಕತ್ತರಿಸಿ. ಪೈಪನ್ನು ಮೂತಿಗೆ ತೂರಿಸುವ ಮೊದಲೇ ಬಳೆಯನ್ನು ಪೈಪಿಗೆ ಏರಿಸಿ ಹಿಂದಕ್ಕೆ ಸರಿಸಿಡಿ. ಕ್ಲಿಪ್ ಬಿಗಿದು ಮುಗಿದ ಮೇಲೆ ಬಳೆಯನ್ನು ಮುಂದಕ್ಕೆಳೆದು ಬಾಲದ ಮೇಲೆ ಕೂರಿಸಿ, ಸ್ಕ್ರೂ ತಲೆ ಹೊರಗಿರಲಿ. ಬಾಲ ಪಟ್ಟಿಗೆ ಅಪ್ಪಿಕೊಳ್ಳುತ್ತದೆ, ಬೇಕೆಂದಾಗ ಬಳೆ ಹಿಂದಕ್ಕೆ ಸರಿಸಿ ಸ್ಕ್ರೂ ತಿರುಗಿಸಬಹುದು. ಅರ್ಧ ಇಂಚಿನಿಂದ ಒಂದೂವರೆ ಇಂಚಿನವರೆಗಿನ ಪೈಪಿಗೆ ಹೊಂದುವ ಟ್ಯೂಬು ಸುಲಭವಾಗಿ ಸಿಗುತ್ತದೆ. ಬಿಸಿಲಿಗೆ ಒಂದೆರಡು ವರ್ಷದಲ್ಲಿ ಬಿರಿಯುತ್ತದೆ, ಆಗ ಇನ್ನೊಂದು ಬಳೆ. ಪೆಟ್ರೋಲು, ಡೀಸೆಲ್ಲು ತಾಗುವ ಕಡೆ ಮಾತ್ರ ಬೇಡ, ಟ್ಯೂಬಿನ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ.

ಕೇಬಲ್ ಟೈ. ಬಳೆ ಮೊದಲೇ ಏರಿಸಲು ಮರೆತವರಿಗೆ. ಬಾಲದ ತುದಿಯ ಹತ್ತಿರ ಪೈಪನ್ನೂ ಸೇರಿಸಿ ಒಂದು ಸುತ್ತು ಹಾಕಿ ಎಳೆದರೆ ಆಯಿತು. ಬಿಸಿಲಿಗೆ ಬೀಳುವ ಜಾಗಕ್ಕೆ ಕಪ್ಪು ಟೈ ತನ್ನಿ. ಬಿಳಿಯದು ಬೇಗ ಪುಡಿಯಾಗುತ್ತದೆ. ಸಾಮಾನ್ಯ ನೈಲಾನ್ ಟೈ ಸುಮಾರು 85 ಡಿಗ್ರಿ ಸೆಲ್ಸಿಯಸ್‌ವರೆಗೆ ಬಾಳುವಂಥದ್ದು. ರೇಡಿಯೇಟರ್ ಹೋಸಿನ ಕೂಲೆಂಟ್ 90 ದಾಟುತ್ತದೆ, ಆದ್ದರಿಂದ ಎಂಜಿನ್ ಕೋಣೆಯಲ್ಲಿ ಇದನ್ನು ನಂಬಬೇಡಿ. ಕೇಬಲ್ ಟೈಗೂ ಒಂದು ಬಾಲ ಬರುತ್ತದೆ ನೋಡಿ, ಅದನ್ನು ಓರೆಯಾಗಿ ಕತ್ತರಿಸಿದರೆ ಅದೂ ಕೈ ಗೀರುತ್ತದೆ. ತಲೆಗೆ ಸಮವಾಗಿ ಕತ್ತರಿಸಿ.

ಹೀಟ್ ಶ್ರಿಂಕ್ ಟ್ಯೂಬು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ, ಬಿಸಿಗೆ ಅರ್ಧಕ್ಕೆ ಕುಗ್ಗುವ ಕೊಳವೆ. 12 ಮಿ.ಮೀ. ಪಟ್ಟಿಗೆ 12 ಮಿ.ಮೀ. ಕೊಳವೆ ಎಂದು ತಂದರೆ ಬೇಕಿರುವುದಕ್ಕಿಂತ ದೊಡ್ಡದಾಗುತ್ತದೆ. ಪಟ್ಟಿ ಚಪ್ಪಟೆ, ಅದರ ಸುತ್ತಳತೆ 25 ಮಿ.ಮೀ. ಚಿಲ್ಲರೆ. 10 ಮಿ.ಮೀ. ಕೊಳವೆಯ ಸುತ್ತಳತೆ 31 ಇದ್ದು ಕುಗ್ಗಿದರೆ 16ಕ್ಕೆ ಇಳಿಯುತ್ತದೆ, ಹಾಗಾಗಿ ಗಟ್ಟಿಯಾಗಿ ಹಿಡಿಯುತ್ತದೆ. 9 ಮಿ.ಮೀ. ಪಟ್ಟಿಗೆ 8ರ ಕೊಳವೆ ಸರಿ. ಬಾಲಕ್ಕಿಂತ ಐದು ಮಿ.ಮೀ. ಉದ್ದವಾಗಿ ಕತ್ತರಿಸಿ, ತೊಡಿಸಿ, ಬಿಸಿ ಗಾಳಿಯ ಗನ್ನಿನಿಂದ ಕುಗ್ಗಿಸಿ. ಬಿಸಿ ಇರುವಾಗಲೇ ಮುಂದೆ ಚಾಚಿದ ಐದು ಮಿ.ಮೀ. ಭಾಗವನ್ನು ನೋಸ್ ಪ್ಲೈಯರಿನಲ್ಲಿ ಒಂದು ಸಲ ಅದುಮಿದರೆ ತುದಿ ಮುಚ್ಚಿಕೊಳ್ಳುತ್ತದೆ. ಲೈಟರ್ ಹಿಡಿಯುವ ಚಟ ಕೆಲವರಿಗಿದೆ. ನೀರಿನ ಪೈಪಿನ ಹತ್ತಿರ ಅದು ಪೈಪು ಸುಡುತ್ತದೆ, ಇಂಧನದ ಪೈಪಿನ ಹತ್ತಿರ ನಿಮ್ಮನ್ನೇ ಸುಡುತ್ತದೆ.

ಟೋಪಿ. ಹೋಸ್ ಕ್ಲಿಪ್ಪಿನ ಬಾಲಕ್ಕೆಂದೇ ಮಾಡಿದ ರಬ್ಬರು ಮತ್ತು ಸಿಲಿಕೋನ್ ಟೋಪಿಗಳು ಆನ್‌ಲೈನಿನಲ್ಲಿ ಸಿಗುತ್ತವೆ. ದೋಣಿ ಇಟ್ಟವರು ಇವನ್ನು ಹೆಚ್ಚು ಬಳಸುತ್ತಾರೆ. ಎಂಜಿನ್ ಕೋಣೆಗೆ ಸಿಲಿಕೋನಿನದ್ದೇ ಬೇಕು, ಅದು ಕಾವಿಗೆ ಜಗ್ಗುವುದಿಲ್ಲ. ಒಳಗೆ ಒಂದು ತೊಟ್ಟು ಸಿಲಿಕೋನ್ ಸೀಲೆಂಟ್ ಹಾಕಿ ತೊಡಿಸಿದರೆ ಅದುರಿಕೆಗೆ ಬೀಳುವುದಿಲ್ಲ. ಫೆವಿಕ್ವಿಕ್ ಬೇಡ, ಅದು ಒಣಗಿದ ಮೇಲೆ ಗಾಜಿನಂತಾಗಿ ಅದುರಿಕೆಗೆ ಬಿಟ್ಟುಕೊಳ್ಳುತ್ತದೆ.

ಮಡಚುವುದು. ನೋಸ್ ಪ್ಲೈಯರಿನಲ್ಲಿ ತುದಿ ಹಿಡಿದು ಒಳಕ್ಕೆ ಸುರುಳಿ ಸುತ್ತುವುದು ಬೀದಿ ಬದಿ ಗ್ಯಾರೇಜಿನ ರೂಢಿ. ನೋಡಲು ಚೆಂದ, ಬೆರಳಿಗೂ ತಾಗುವುದಿಲ್ಲ. ತೊಂದರೆ ಗೊತ್ತಾಗುವುದು ಬಿಚ್ಚುವಾಗ. ಸ್ಕ್ರೂ ಸಡಿಲಿಸಿದಂತೆ ಬಾಲ ಗೂಡಿನೊಳಗೆ ವಾಪಸ್ ಹೋಗಬೇಕು, ಸುರುಳಿ ಹೋಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮತ್ತೆ ನೇರ ಮಾಡಬೇಕು. ಗಟ್ಟಿಯಾಗಿ ಮಡಚಿ ಬಿಡಿಸಿದ ಪಟ್ಟಿ ಎರಡು ಮೂರು ಸಲಕ್ಕೆ ಗಾಡಿಯ ಬಳಿ ಬಿರುಕು ಬಿಡುತ್ತದೆ. ಮಡಚಲೇಬೇಕಾದರೆ ಗೂಡಿನಿಂದ 10 ಮಿ.ಮೀ. ನೇರವಾಗಿ ಬಿಟ್ಟು, ಅಲ್ಲಿಂದ ಮುಂದೆ ದೊಡ್ಡ ಬಾಗಿನಲ್ಲಿ ಸುತ್ತಿ. ಗೂಡಿನ ಬಾಯಲ್ಲೇ ಮಡಚಿದ್ದಾದರೆ ಆ ಕ್ಲಿಪ್ಪನ್ನು ಇನ್ನು ಮೇಲೆ ಕತ್ತರಿಸಿಯೇ ಬಿಚ್ಚಬೇಕು.

## ಹೆಜ್ಜೆ 5: ಕತ್ತರಿಸುವುದಾದರೆ ಹೀಗೆ

ಸರಿ ಅಳತೆಯ ಕ್ಲಿಪ್ ಸಿಗಲಿಲ್ಲ, ಬಾಲ ಎರಡು ಇಂಚು ಇದೆ, ಪಕ್ಕದಲ್ಲೇ ಫ್ಯಾನು. ಆಗ ಕತ್ತರಿಸುವುದೇ ಸರಿ. ಆದರೆ ಎಷ್ಟು ಉಳಿಸಬೇಕು?

ಪೈಪನ್ನು ಮೂತಿಯಿಂದ ಕೀಳಬೇಕಾದರೆ ಅದು ಉಬ್ಬಿದ ಅಂಚನ್ನು ದಾಟಬೇಕು. ಅದಕ್ಕೆ ಕ್ಲಿಪ್ ವ್ಯಾಸದಲ್ಲಿ ನಾಲ್ಕೈದು ಮಿ.ಮೀ. ತೆರೆದುಕೊಳ್ಳಬೇಕು. 3.14ರಿಂದ ಗುಣಿಸಿದರೆ ಪಟ್ಟಿ 13 ರಿಂದ 16 ಮಿ.ಮೀ. ಒಳಗೆ ಹೋಗಬೇಕು. ಗೂಡಿನ ಅಂಚಿನಿಂದ 20 ಮಿ.ಮೀ. ಬಾಲ ಉಳಿಸಿದರೆ ಆರು ಮಿ.ಮೀ.ನಷ್ಟು ತೆರೆದರೂ ಪಟ್ಟಿ ಕಳಚುವುದಿಲ್ಲ. ಮುಂದೆ ತುಸು ದಪ್ಪನೆಯ ಪೈಪು ಹಾಕಿದರೂ ಅದೇ ಕ್ಲಿಪ್ ನಡೆಯುತ್ತದೆ. ಬುಡಕ್ಕೇ ಕತ್ತರಿಸಿದ ಕ್ಲಿಪ್ ಆ ಒಂದು ಪೈಪಿಗೆ ಮಾತ್ರ, ಅದೂ ಒಂದೇ ಸಲಕ್ಕೆ.

ಕೆಲಸದ ಕ್ರಮ ಇದು:

1. ಎರಡನೇ ಸಲ ಬಿಗಿದ ಮೇಲೆ ಗೂಡಿನ ಅಂಚಿನಿಂದ 20 ಮಿ.ಮೀ. ಅಳೆದು ಮಾರ್ಕರ್ ಪೆನ್ನಿನಿಂದ ಗೆರೆ ಹಾಕಿ.
2. ಗೆರೆ ಗಾಡಿಯ ಮೇಲೆ ಬಿದ್ದರೆ ಹೊರಕ್ಕೆ ಸರಿಸಿ, ಎರಡು ಗಾಡಿಗಳ ನಡುವಿನ ಗಟ್ಟಿ ಭಾಗಕ್ಕೆ ತನ್ನಿ. ಗಾಡಿಯ ಮೇಲೆಯೇ ಕತ್ತರಿಸಿದರೆ ತುದಿಯಲ್ಲಿ ಎರಡು ಕೊಂಬು ಉಳಿಯುತ್ತವೆ, ಅವು ಒಂದೇ ಬಾಲಕ್ಕಿಂತ ಕೆಟ್ಟವು.
3. ಸಾಧ್ಯವಿದ್ದರೆ ಕ್ಲಿಪ್ ಬಿಚ್ಚಿ ಹೊರಗೆ ತನ್ನಿ. ಗೆರೆ ಇರುವುದರಿಂದ ಮತ್ತೆ ಅದೇ ಜಾಗಕ್ಕೆ ಬಿಗಿಯುವುದು ಕಷ್ಟವಲ್ಲ.
4. ಕಣ್ಣಿಗೆ ಕನ್ನಡಕ ಹಾಕಿ, ಬಾಲದ ತುದಿಯನ್ನು ಪ್ಲೈಯರಿನಲ್ಲಿ ಹಿಡಿದುಕೊಂಡು ತಗಡು ಕತ್ತರಿಯಿಂದ ಕತ್ತರಿಸಿ. ಹಿಡಿಯದೆ ಕತ್ತರಿಸಿದ ತುಂಡು ಚಟ್ಟನೆ ಹಾರುತ್ತದೆ.
5. ಎರಡೂ ಮೂಲೆಗಳನ್ನು ಕತ್ತರಿಯಿಂದಲೇ ಸಣ್ಣಗೆ ಓರೆ ಮಾಡಿ, ಸಣ್ಣ ಹಲ್ಲಿನ ಅರದಿಂದ ಗುಂಡಗೆ ಉಜ್ಜಿ. ಕೊನೆಗೆ ಎಮರಿ ಪೇಪರನ್ನು ಮಡಚಿ ಅಂಚಿಗೆ ಹಿಡಿದು ಎಳೆಯಿರಿ.
6. ಹತ್ತಿ ತುಣುಕನ್ನು ಅಂಚಿನ ಮೇಲೆ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಇನ್ನೂ ಚೂಪಿದೆ. ಬೆರಳಿನಿಂದ ಪರೀಕ್ಷಿಸಬೇಡಿ.

ಸತು ಲೇಪಿಸಿದ ಕ್ಲಿಪ್ಪಾದರೆ ಕತ್ತರಿಸಿದ ಅಂಚಿನಲ್ಲಿ ಬರಿ ಉಕ್ಕು ಬಯಲಾಗಿರುತ್ತದೆ, ತುಕ್ಕು ಅಲ್ಲಿಂದ ಶುರುವಾಗುತ್ತದೆ. ಒಂದು ತೊಟ್ಟು ಪೇಂಟು ಅಥವಾ ನೇಲ್ ಪಾಲಿಶ್ ಹಚ್ಚಿ. ಸ್ಟೇನ್‌ಲೆಸ್‌ಗೆ ಇದು ಬೇಕಿಲ್ಲ.

ಕಟಿಂಗ್ ಪ್ಲೈಯರ್ ಸತು ಲೇಪಿಸಿದ ತೆಳು ಪಟ್ಟಿಗೆ ನಡೆಯುತ್ತದೆ. ಸ್ಟೇನ್‌ಲೆಸ್‌ಗೆ ಹಾಕಿದರೆ ಪ್ಲೈಯರಿನ ಬಾಯಿಗೇ ಹಲ್ಲು ಬೀಳುತ್ತದೆ, ಪಟ್ಟಿಯ ಅಂಚೂ ಹಿಸುಕಿ ಗರಗಸದಂತಾಗುತ್ತದೆ. ತಗಡು ಕತ್ತರಿ ಇಲ್ಲದಿದ್ದರೆ ವೈಸಿನಲ್ಲಿ ಕಚ್ಚಿಸಿ, ಇಂಚಿಗೆ 32 ಹಲ್ಲಿನ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಿರಿ. ಕಿರು ಗ್ರೈಂಡರ್ ಬೇಗ ಮುಗಿಸುತ್ತದೆ ನಿಜ, ಆದರೆ ಕಿಡಿ ಹಾರುತ್ತದೆ. ವಾಹನದಲ್ಲಿ ಕ್ಲಿಪ್ ಕೂತಿರುವಲ್ಲೇ ಗ್ರೈಂಡರ್ ಹಿಡಿಯಬೇಡಿ: ಪೆಟ್ರೋಲಿನ ಆವಿ ಇರುತ್ತದೆ, ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಕಿಡಿ ಬಿದ್ದ ರಬ್ಬರ್ ಪೈಪಿನಲ್ಲಿ ಸಣ್ಣ ತೂತು ಬಿದ್ದರೂ ಅಂದಿಗೆ ಕಾಣುವುದಿಲ್ಲ.

ಕ್ಲಿಪ್ ಬಿಚ್ಚದೆ ಕೂತಲ್ಲೇ ಕತ್ತರಿಸುವುದು ಅನಿವಾರ್ಯವಾದರೆ ಕೆಳಗೆ ಒಂದು ಬಟ್ಟೆ ಹಾಸಿ. ಕತ್ತರಿಸಿದ ತುಂಡು ಕೈಗೆ ಸಿಗುವ ತನಕ ಬಾನೆಟ್ ಮುಚ್ಚಬೇಡಿ. ಆಲ್ಟರ್ನೇಟರಿನೊಳಗೆ ಸೇರಿದ ಉಕ್ಕಿನ ಚೂರು ಬಾಲಕ್ಕಿಂತ ದೊಡ್ಡ ತಲೆನೋವು. ಗೋಶಾಲೆ, ಕೊಟ್ಟಿಗೆಯ ಹತ್ತಿರವಂತೂ ಒಂದೊಂದು ಚೂರನ್ನೂ ಹೆಕ್ಕಬೇಕು. ಮೇವಿನ ಜೊತೆ ನುಂಗಿದ ಲೋಹ ಹಸುವಿನ ಜಠರದಲ್ಲಿ ನಿಂತು ಚುಚ್ಚುತ್ತದೆ.

ಈ ಯಾವ ಪ್ರಯೋಗವನ್ನೂ ಅಡುಗೆ ಗ್ಯಾಸಿನ ಪೈಪಿನ ಮೇಲೆ ಮಾಡಬೇಡಿ. ಅಲ್ಲಿ ಏನೇ ಬದಲಾವಣೆ ಬೇಕಿದ್ದರೂ ಏಜೆನ್ಸಿಯ ಮೆಕ್ಯಾನಿಕ್‌ಗೆ ಹೇಳಿ.

## ಬಾಲವೇ ಬೇಡವೆಂದರೆ

ದಿನವೂ ಕೈ ಹೋಗುವ, ಮಕ್ಕಳು ಓಡಾಡುವ ಜಾಗಕ್ಕೆ ಬಾಲವಿಲ್ಲದ ಕ್ಲಿಪ್‌ಗಳೂ ಇವೆ. ವಾಷಿಂಗ್ ಮೆಷಿನ್ನು, ಕಾರುಗಳಲ್ಲಿ ಕಂಪನಿಯಿಂದಲೇ ಬರುವ ಸ್ಪ್ರಿಂಗ್ ಕ್ಲಿಪ್ಪಿಗೆ ಪ್ಲೈಯರಿನಲ್ಲಿ ಒತ್ತುವ ಎರಡು ಕಿವಿಗಳಷ್ಟೇ ಇರುತ್ತವೆ. ಪೈಪು ಕಾವಿಗೆ ಹಿಗ್ಗಿ ಕುಗ್ಗಿದರೂ ಅದೂ ಜೊತೆಗೆ ಹಿಗ್ಗಿ ಕುಗ್ಗುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಕಿತ್ತೆಸೆದು ಸ್ಕ್ರೂ ಕ್ಲಿಪ್ ಹಾಕುವುದನ್ನು ನೋಡುತ್ತಲೇ ಇರುತ್ತೇವೆ, ನನಗಂತೂ ಅದರಲ್ಲಿ ಲಾಭ ಕಾಣುವುದಿಲ್ಲ. ಸಣ್ಣ ಪೈಪುಗಳಿಗೆ ಕಿವಿ ಹಿಸುಕಿ ಬಿಗಿಯುವ ಕ್ಲಿಪ್ ಇದೆ, ಒಮ್ಮೆ ಹಾಕಿದರೆ ಮುಗಿಯಿತು, ಬಿಚ್ಚಲು ಕತ್ತರಿಸಬೇಕು. ತೋಟದ ಪೈಪಿಗೆ ಎರಡು ತಂತಿಯ ಕ್ಲಿಪ್ಪೂ ಆದೀತು.

## ಕಂಬಕ್ಕೆ ಸುತ್ತುವ ಸ್ಟೀಲ್ ಪಟ್ಟಿ

ಸಿಸಿಟಿವಿ ಕ್ಯಾಮೆರಾ, ಬೋರ್ಡು, ಕೇಬಲ್ಲುಗಳನ್ನು ವಿದ್ಯುತ್ ಕಂಬಕ್ಕೆ ಬಿಗಿಯುವ ಬಕಲ್ ಪಟ್ಟಿಯ ಲೆಕ್ಕವೇ ಬೇರೆ. ಅಲ್ಲಿ ಸ್ಕ್ರೂ ಇಲ್ಲ, ಮಡಿಕೆಯೇ ಬೀಗ. ಅದರಲ್ಲಿ ಬಾಲವನ್ನು ಮಡಚದಿದ್ದರೆ ಪಟ್ಟಿಯೇ ಜಾರುತ್ತದೆ.

ಬಿಗಿಯುವ ಉಪಕರಣದಿಂದ ಪಟ್ಟಿಯನ್ನು ಎಳೆದು ಬೇಕಾದಷ್ಟು ಬಿಗಿಯಾದ ಮೇಲೆ, ಎಳೆತ ಬಿಡದೆ ಇಡೀ ಉಪಕರಣವನ್ನು ಬಕಲ್ಲಿನ ಮೇಲಕ್ಕೆ ಮಗುಚಬೇಕು. ಪಟ್ಟಿ ಬಕಲ್ಲಿನ ಅಂಚಿನಲ್ಲಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಆಗ ಉಪಕರಣದಲ್ಲೇ ಇರುವ ಕತ್ತರಿಯಿಂದ ಕತ್ತರಿಸಿ, ಉಳಿದ ಮೋಟು ಬಾಲವನ್ನು ಸುತ್ತಿಗೆಯಿಂದ ಬಕಲ್ಲಿನ ಮೇಲೆ ಚಪ್ಪಟೆಯಾಗಿ ಬಡಿದು, ಬಕಲ್ಲಿನ ಎರಡು ಕಿವಿಗಳನ್ನು ಅದರ ಮೇಲೆ ಒಂದೊಂದಾಗಿ ಮಡಚಿ ಬಡಿಯಬೇಕು. ಕಿವಿಯಿಂದ ಹೊರಗೆ ಬಾಲದ ಮೂಲೆ ಇಣುಕುತ್ತಿದ್ದರೆ ಅದನ್ನೂ ಅರದಿಂದ ಒರೆಸಿ. ಕಂಬ ಹತ್ತುವವರ ಮುಂಗೈ ಮೊದಲು ತಾಗುವುದು ಅಲ್ಲಿಗೇ. ಬೋಲ್ಟು ನಟ್ಟಿನಲ್ಲಿ ಬಿಗಿಯುವ ಭಾರಿ ಕ್ಲಾಂಪಿಗಾದರೆ ಚಾಚುವುದು ಪಟ್ಟಿಯಲ್ಲ, ಬೋಲ್ಟಿನ ಮರೆ, ಅಂದರೆ ಥ್ರೆಡ್ ಇರುವ ಭಾಗ. ಅದಕ್ಕೆ ಬೋಲ್ಟಿನ ಅಳತೆಯ ಪ್ಲಾಸ್ಟಿಕ್ ಟೋಪಿ ಹಾಕಿದರೆ ಕೈಯೂ ಉಳಿಯುತ್ತದೆ, ಮರೆಗೆ ತುಕ್ಕೂ ಹಿಡಿಯುವುದಿಲ್ಲ.